ಗುಹೆಯ ಕತ್ತಲೂ ಬೇಕು, ಹೊರಗಿನ ಬಿಸಿಲೂ ಬೇಕು: ಎಚ್‌ಡಿಆರ್ ಫೋಟೋ ತೆಗೆಯುವುದು ಹೇಗೆ

ಬಾದಾಮಿಯ ಮೂರನೇ ಗುಹೆಗೆ ಹೋಗಿದ್ದೀರಾ? 578ರ ಶಾಸನ ಇದೆಯಲ್ಲ, ವಿಷ್ಣುವಿನ ಗುಹೆ, ನಾಲ್ಕರಲ್ಲಿ ಎಲ್ಲಕ್ಕಿಂತ ದೊಡ್ಡದು. ಅದರ ಒಳಗೆ ನಿಂತು ಹೊರಗೆ ನೋಡಿದರೆ ಕಣ್ಣಿಗೆ ಎಲ್ಲವೂ ಕಾಣುತ್ತದೆ. ಹತ್ತಿರದ ಕಂಬದ ಮೇಲಿನ ಕೆತ್ತನೆ, ಚಾವಣಿಯ ಅಂಚು, ಆಚೆಗೆ ಬಿಸಿಲು ಬಿದ್ದ ಅಂಗಳ, ದೂರದ ಕೆಂಪು ಗುಡ್ಡ, ಮೇಲೆ ಆಕಾಶ. ಈಗ ಕ್ಯಾಮೆರಾ ಎತ್ತಿ ಒಂದು ಕ್ಲಿಕ್ ಮಾಡಿ ನೋಡಿ. ಕಂಬ ಚೆನ್ನಾಗಿ ಬಂದರೆ ಹೊರಗೆಲ್ಲ ಬಿಳಿ ಪಂಚೆ ಒಣಹಾಕಿದ ಹಾಗಿರುತ್ತದೆ. ಗುಡ್ಡ ಚೆನ್ನಾಗಿ ಬಂದರೆ ಕಂಬ ಇದ್ದಿಲು. ಯಾವುದೋ ಒಂದನ್ನು ಬಿಡಬೇಕು.

ಬಿಡಬೇಕಾಗಿಲ್ಲ. ಒಂದೇ ಜಾಗದಿಂದ, ಕ್ಯಾಮೆರಾ ಅಲ್ಲಾಡಿಸದೆ, ಒಂದು ಫೋಟೋ ಹೊರಗಿನ ಬಿಸಿಲಿಗೆ, ಒಂದು ಒಳಗಿನ ಕತ್ತಲಿಗೆ, ಒಂದೆರಡು ನಡುವಿನದಕ್ಕೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಸೇರಿಸಿ ಒಂದು ಮಾಡುವುದೇ ಎಚ್‌ಡಿಆರ್, ಅಂದರೆ ಹೈ ಡೈನಾಮಿಕ್ ರೇಂಜ್. ಇಷ್ಟೇ ವಿಷಯ. ಟಿವಿ ಅಂಗಡಿಯಲ್ಲಿ ಎಚ್‌ಡಿಆರ್ ಅನ್ನುತ್ತಾರಲ್ಲ, ಅದು ಪರದೆಯ ಸಂಗತಿ, ಅದನ್ನು ಇದರ ಜೊತೆ ಕಲಸಿಕೊಳ್ಳಬೇಡಿ.

ಕಣ್ಣಿಗೆ ಸಾಧ್ಯವಾಗುವುದು ಕ್ಯಾಮೆರಾಗೆ ಯಾಕೆ ಆಗುವುದಿಲ್ಲ ಅಂತ ಮೊದಮೊದಲು ನನಗೂ ಅನಿಸುತ್ತಿತ್ತು. ಕಣ್ಣು ಒಂದೇ ಏಟಿಗೆ ನೋಡುವುದಿಲ್ಲ. ಕಂಬ ನೋಡುವಾಗ ಕಂಬದ ಬೆಳಕಿಗೆ ಹೊಂದಿಕೊಳ್ಳುತ್ತದೆ, ಗುಡ್ಡ ನೋಡುವಾಗ ಗುಡ್ಡದ ಬೆಳಕಿಗೆ, ನಾವು ಮಾತ್ರ ಎಲ್ಲ ಒಟ್ಟಿಗೇ ಕಂಡೆವು ಅಂದುಕೊಳ್ಳುತ್ತೇವೆ. ಕ್ಯಾಮೆರಾಗೆ ಸಿಗುವುದು ಒಂದೇ ಅವಕಾಶ. ಎಚ್‌ಡಿಆರ್ ಅಂದರೆ ಅದಕ್ಕೂ ನಾಲ್ಕಾರು ಸಲ ನೋಡಲು ಬಿಡುವುದು.

ಇದೇನೂ ಹೊಸ ಉಪಾಯವಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮಾಡುತ್ತಿದ್ದ. ಕಂಪ್ಯೂಟರಿನಲ್ಲಿ ಹಲವು ಫೋಟೋಗಳಿಂದ ನಿಜವಾದ ಬೆಳಕಿನ ಲೆಕ್ಕ ತೆಗೆಯುವ ಹೆಸರಾಂತ ವಿಧಾನ ಬಂದದ್ದು 1997ರಲ್ಲಿ, ಪಾಲ್ ಡೆಬೆವೆಕ್ ಮತ್ತು ನಮ್ಮ ಐಐಟಿ ಕಾನ್ಪುರದಲ್ಲಿ ಓದಿದ ಜಿತೇಂದ್ರ ಮಲಿಕ್ ಅವರಿಂದ. ನೀವು ಮೆನುವಿನಲ್ಲಿ ಒತ್ತುವ 'ಮರ್ಜ್' ಬಟನ್ನಿನ ಹಿಂದೆ ಇಂಥವರ ಲೆಕ್ಕಾಚಾರ ಇದೆ.

ಮೊದಲು ಒಂದು ಲೆಕ್ಕ

ಫೋಟೋದವರ ಮಾತಿನಲ್ಲಿ ಬೆಳಕು ಎರಡು ಪಟ್ಟಾದರೆ ಅದು ಒಂದು ಸ್ಟಾಪ್. ಎರಡು ಸ್ಟಾಪ್ ಆದರೆ ನಾಲ್ಕು ಪಟ್ಟು. ಮೂರಾದರೆ ಎಂಟು ಪಟ್ಟು. ಹೀಗೆ ಏರುತ್ತಾ ಎಂಟು ಸ್ಟಾಪ್‌ಗೆ 256 ಪಟ್ಟಾಗುತ್ತದೆ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಆ ಗುಹೆಯಲ್ಲಿ ನಾನು ಅಳೆದಾಗ ಎಫ್/8 (ಲೆನ್ಸಿನ ತೂತು ಎಷ್ಟು ತೆರೆದಿದೆ ಅನ್ನುವ ಅಪರ್ಚರ್ ಅಂಕಿ), ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100ರಲ್ಲಿ ಹೊರಗಿನ ಬಿಸಿಲಿಗೆ ಸೆಕೆಂಡಿನ 500ನೇ ಒಂದು ಭಾಗ ಸಾಕಾಗುತ್ತಿತ್ತು, ಒಳಗಿನ ಕಂಬಕ್ಕೆ ಅರ್ಧ ಸೆಕೆಂಡು ಬೇಕಿತ್ತು. ಅಂದರೆ ಸುಮಾರು 250 ಪಟ್ಟು, ಹತ್ತಿರಹತ್ತಿರ ಎಂಟು ಸ್ಟಾಪ್ ಅಂತರ. ಇಂದಿನ ಒಳ್ಳೆಯ ಕ್ಯಾಮೆರಾ ಹದಿಮೂರು ಹದಿನಾಲ್ಕು ಸ್ಟಾಪ್ ಹಿಡಿಯುತ್ತದಲ್ಲ, ಎಂಟು ಯಾವ ಮಹಾ ಅನ್ನಬಹುದು. ಆದರೆ ಈ ಎಂಟು ಬರೀ ಎರಡು ಕಡೆಯ ಸರಾಸರಿಯ ಅಂತರ. ಹೊರಗಿನ ಆಕಾಶ ಗುಡ್ಡಕ್ಕಿಂತ ಇನ್ನೂ ಬೆಳ್ಳಗೆ, ಒಳಗಿನ ಮೂಲೆ ಕಂಬಕ್ಕಿಂತ ಇನ್ನೂ ಕಪ್ಪು. ಎರಡೂ ಕಡೆ ಸೇರಿಸಿದರೆ ಹದಿನಾಲ್ಕು ಸಾಲುವುದಿಲ್ಲ, ಜೊತೆಗೆ ಆ ಹದಿನಾಲ್ಕರಲ್ಲಿ ಕೆಳಗಿನ ಮೂರು ನಾಲ್ಕು ಸ್ಟಾಪ್ ರವೆ ಚೆಲ್ಲಿದ ಹಾಗೆ ಕಾಳುಕಾಳಾಗಿರುತ್ತವೆ.

ಹಾಗಂತ ಎಲ್ಲದಕ್ಕೂ ಎಚ್‌ಡಿಆರ್ ಬೇಡ. ಸಾಧಾರಣ ಬಿಸಿಲಿನ ದೃಶ್ಯ, ಬೆಳಕು ಬೆನ್ನ ಹಿಂದಿದೆ, ಎಲ್ಲ ಸಮವಾಗಿ ಕಾಣುತ್ತಿದೆ ಅಂದರೆ ಒಂದು ಫೋಟೋ ಸಾಕು. ಅಂತರ ಸ್ವಲ್ಪ ಜಾಸ್ತಿ ಇದ್ದರೂ ರಾ ಫೈಲ್ (ಕ್ಯಾಮೆರಾ ಹಿಡಿದದ್ದನ್ನು ಸಂಸ್ಕರಿಸದೆ ಹಾಗೇ ಇಟ್ಟ ಫೈಲ್) ತೆಗೆದು ಕಂಪ್ಯೂಟರಿನಲ್ಲಿ ನೆರಳು ಎತ್ತಿದರೆ ಕೆಲಸ ಆಗುತ್ತದೆ. ಮೋಡದ ದಿನ ಎಚ್‌ಡಿಆರ್ ತೆಗೆಯುವವರನ್ನು ನೋಡಿದ್ದೇನೆ, ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ.

ಬೇಕೋ ಬೇಡವೋ ಅಂತ ತಿಳಿಯಲು ಹಿಸ್ಟೋಗ್ರಾಂ ನೋಡಿ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಗುಡ್ಡದ ಹಾಗೆ ಒಂದು ಗ್ರಾಫ್ ಬರುತ್ತದಲ್ಲ, ಅದು. ಎಡಗಡೆ ಕಪ್ಪು, ಬಲಗಡೆ ಬಿಳಿ. ಒಂದೇ ಫೋಟೋದಲ್ಲಿ ಗುಡ್ಡ ಎಡ ಗೋಡೆಗೂ ಬಲ ಗೋಡೆಗೂ ಒಟ್ಟಿಗೆ ಒರಗಿಕೊಂಡಿದ್ದರೆ ಎರಡೂ ಕಡೆ ವಿವರ ಹೋಗಿದೆ ಅಂತ ಅರ್ಥ. ಆಗ ಬ್ರ್ಯಾಕೆಟಿಂಗ್‌ಗೆ, ಅಂದರೆ ಒಂದೇ ದೃಶ್ಯವನ್ನು ಬೇರೆಬೇರೆ ಬೆಳಕಿಗೆ ಹಲವು ಸಲ ತೆಗೆಯುವುದಕ್ಕೆ, ಇಳಿಯಿರಿ.

ಮನೆಯ ಕಿಟಕಿಯಿಂದ ಶುರು ಮಾಡಿ

ಬಾದಾಮಿಗೆ ಹೋಗಿ ಕಲಿಯಬೇಡಿ. ಮನೆಯಲ್ಲೇ ಬೆಳಗ್ಗೆ ಹತ್ತು ಗಂಟೆಗೆ ಅಡುಗೆಮನೆ ಲೈಟ್ ಆರಿಸಿ, ಕಿಟಕಿ ಕಡೆ ಕ್ಯಾಮೆರಾ ತಿರುಗಿಸಿ. ಒಳಗೆ ಪಾತ್ರೆ ಸ್ಟ್ಯಾಂಡ್, ಹೊರಗೆ ತೆಂಗಿನ ಗರಿ ಅಥವಾ ಪಕ್ಕದ ಮನೆಯ ಗೋಡೆ. ಗುಹೆಯ ಕಷ್ಟವೆಲ್ಲ ಇಲ್ಲೂ ಇದೆ, ಬಸ್ ಚಾರ್ಜ್ ಉಳಿಯುತ್ತದೆ.

ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಇಡಿ. ಇಲ್ಲದಿದ್ದರೆ ಊಟದ ಮೇಜಿನ ಮೇಲೆ ಎರಡು ಪುಸ್ತಕ ಇಟ್ಟು ಅದರ ಮೇಲೆ. ಫೈಲ್ ರಾ ಇರಲಿ. ಜೆಪೆಗ್‌ನಲ್ಲೂ ಆಗುತ್ತದೆ, ಆದರೆ ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, 14 ಬಿಟ್ ರಾ ಫೈಲಿನಲ್ಲಿ 16,384. ಎಳೆದಾಡುವಾಗ ಆ ವ್ಯತ್ಯಾಸ ಆಕಾಶದಲ್ಲಿ ಪಟ್ಟಿಪಟ್ಟಿಯಾಗಿ ಎದ್ದು ಕಾಣುತ್ತದೆ.

ಇನ್ನು ಮುಖ್ಯವಾದ ಮಾತು. ಎಲ್ಲ ಫೋಟೋಗಳಲ್ಲೂ ಬದಲಾಗಬೇಕಾದ್ದು ಒಂದೇ, ಶಟರ್ ಸ್ಪೀಡ್, ಅಂದರೆ ಬೆಳಕನ್ನು ಒಳಗೆ ಬಿಡುವ ಹೊತ್ತು. ಬೇರೆ ಏನೂ ಅಲ್ಲಾಡಬಾರದು. ಅಪರ್ಚರ್ ಬದಲಾಯಿಸಿದರೆ ಒಂದು ಫೋಟೋದಲ್ಲಿ ಹಿಂದಿನ ಗಿಡ ಸ್ಪಷ್ಟ, ಇನ್ನೊಂದರಲ್ಲಿ ಮಸುಕು, ಸೇರಿಸಿದಾಗ ಕಲಸುಮೇಲೋಗರ. ಎಫ್/8 ಇಟ್ಟು ಮರೆತುಬಿಡಿ. ಐಎಸ್‌ಒ 100, ಆಟೋ ಐಎಸ್‌ಒ ಆಫ್. ಇದನ್ನು ಆಫ್ ಮಾಡುವುದು ಮರೆತರೆ ಕ್ಯಾಮೆರಾ ತನ್ನ ಪಾಡಿಗೆ ಐಎಸ್‌ಒ ಏರಿಸುತ್ತಾ ಹೋಗುತ್ತದೆ, ನೀವು ಕತ್ತಲಿಗೆ ಅಂತ ತೆಗೆದ ಫೋಟೋದಲ್ಲಿ ಬೇಡದ ಕಾಳು ತುಂಬಿಕೊಳ್ಳುತ್ತದೆ. ಬೆಳಕಿನ ಬಣ್ಣಕ್ಕೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ ಇಡಿ. ಫೋಕಸ್ ಒಮ್ಮೆ ಮಾಡಿ, ಆಮೇಲೆ ಲೆನ್ಸಿನ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಳ್ಳಿ, ಇಲ್ಲದಿದ್ದರೆ ಪ್ರತಿ ಸಲ ಬಟನ್ ಒತ್ತಿದಾಗಲೂ ಅದು ಹೊಸದಾಗಿ ಹುಡುಕಾಡುತ್ತದೆ. ಟ್ರೈಪಾಡ್ ಮೇಲಿದ್ದರೆ ಲೆನ್ಸಿನ ಅಲುಗಾಟ ತಡೆಯುವ ಸ್ವಿಚ್ಚನ್ನೂ ಆಫ್ ಮಾಡಿ.

ಈಗ ಎರಡು ದಾರಿ ಇವೆ. ಸುಲಭದ್ದು ಆಟೋ ಬ್ರ್ಯಾಕೆಟಿಂಗ್. ಕ್ಯಾನನ್ ಮೆನುವಿನಲ್ಲಿ ಎಇಬಿ ಅಂತ ಇರುತ್ತದೆ, ನಿಕಾನ್‌ನ ಮೇಲಿನ ದರ್ಜೆಯ ಕ್ಯಾಮೆರಾಗಳಲ್ಲಿ ಬಿಕೆಟಿ ಅನ್ನುವ ಬಟನ್ನೇ ಇರುತ್ತದೆ. ಮೋಡ್ ಡಯಲನ್ನು ಅಪರ್ಚರ್ ಪ್ರಯಾರಿಟಿಗೆ ಇಡಿ (ಅಪರ್ಚರ್ ನಿಮ್ಮ ಕೈಯಲ್ಲಿ, ಶಟರ್ ಸ್ಪೀಡ್ ಕ್ಯಾಮೆರಾ ನೋಡಿಕೊಳ್ಳುತ್ತದೆ), ಕ್ಯಾನನ್‌ನಲ್ಲಿ ಎವಿ, ನಿಕಾನ್‌ನಲ್ಲಿ ಎ. ಬ್ರ್ಯಾಕೆಟಿಂಗ್‌ನಲ್ಲಿ ಮೂರು ಫೋಟೋ, ಎರಡು ಸ್ಟಾಪ್ ಅಂತರ ಆರಿಸಿ. ಎರಡು ಸೆಕೆಂಡಿನ ಟೈಮರ್ ಹಾಕಿ, ಬಟನ್ ಒತ್ತಿ ಕೈ ತೆಗೆಯಿರಿ. ಕ್ಯಾನನ್ ಆದರೆ ಟೈಮರ್ ಇದ್ದಾಗ ಮೂರನ್ನೂ ಒಂದರ ಹಿಂದೊಂದು ತಾನೇ ತೆಗೆಯುತ್ತದೆ. ಒಂದು ಸರಿಯಾದದ್ದು, ಒಂದು ಕಪ್ಪು, ಒಂದು ಬೆಳ್ಳಗಿನದು. ಅಡುಗೆಮನೆ ಕಿಟಕಿಗೆ ಸಾಮಾನ್ಯವಾಗಿ ಇಷ್ಟು ಸಾಕು.

ನಿಕಾನ್ ಡಿ3500 ಥರದ ಆರಂಭದ ಕ್ಯಾಮೆರಾ ಇದ್ದರೆ ಅದರಲ್ಲಿ ಆಟೋ ಬ್ರ್ಯಾಕೆಟಿಂಗ್ ಇಲ್ಲ. ಬೇಜಾರು ಬೇಡ, ಎರಡನೆಯ ದಾರಿಯೇ ನನಗೆ ಹೆಚ್ಚು ಇಷ್ಟ. ಪೂರಾ ಮ್ಯಾನ್ಯುಯಲ್ ಮೋಡ್. ಮೊದಲು ಹೊರಗಿನ ಬೆಳಕು ನೋಡಿಕೊಂಡು, ಹಿಸ್ಟೋಗ್ರಾಂ ಬಲ ಗೋಡೆ ಮುಟ್ಟದ ಹಾಗೆ ಒಂದು ಫೋಟೋ. ಆಮೇಲೆ ಶಟರ್ ಸ್ಪೀಡನ್ನು ನಾಲ್ಕು ಪಟ್ಟು ನಿಧಾನ ಮಾಡಿ ಇನ್ನೊಂದು. ಮತ್ತೆ ನಾಲ್ಕು ಪಟ್ಟು. ಎಡ ಗೋಡೆಯಿಂದ ಗುಡ್ಡ ಪೂರ್ತಿ ಬಿಡಿಸಿಕೊಂಡು ಈಚೆ ಬರುವ ತನಕ ಹೀಗೇ. ಗುಹೆಯ ಲೆಕ್ಕದಲ್ಲಿ 1/500, 1/125, 1/30, 1/8, ಕೊನೆಗೆ 1/2 ಸೆಕೆಂಡು. ಐದು ಫೋಟೋ. ಹೆಚ್ಚಿನ ಕ್ಯಾಮೆರಾಗಳಲ್ಲಿ ಡಯಲಿನ ಮೂರು ಕ್ಲಿಕ್‌ಗೆ ಒಂದು ಸ್ಟಾಪ್, ಹಾಗಾಗಿ ನೋಡದೆಯೇ ಆರಾರು ಕ್ಲಿಕ್ ತಿರುಗಿಸುತ್ತಾ ಹೋಗಬಹುದು. ತಿರುಗಿಸುವಾಗ ಕ್ಯಾಮೆರಾ ಕದಲದ ಹಾಗೆ ಮೆಲ್ಲಗೆ.

ಮೂರು ಫೋಟೋ ಸಾಕೇ ಏಳು ಬೇಕೇ ಅಂತ ತುಂಬಾ ಜನ ಕೇಳುತ್ತಾರೆ. ಲೆಕ್ಕ ಮುಖ್ಯವಲ್ಲ. ಅತ್ಯಂತ ಕಪ್ಪು ಫೋಟೋದಲ್ಲಿ ಆಕಾಶ ಉಳಿದಿದೆಯಾ, ಅತ್ಯಂತ ಬೆಳ್ಳಗಿನದರಲ್ಲಿ ಮೂಲೆಯ ಕತ್ತಲು ತೆರೆದಿದೆಯಾ, ಅಷ್ಟೇ ನೋಡಬೇಕು. ಆ ಎರಡು ತುದಿ ಸಿಕ್ಕದಿದ್ದರೆ ನಡುವೆ ಒಂಬತ್ತು ತೆಗೆದರೂ ವೇಸ್ಟ್. ಸಾಫ್ಟ್‌ವೇರ್ ಇಲ್ಲದ್ದನ್ನು ತಂದು ಕೊಡುವುದಿಲ್ಲ.

ಟ್ರೈಪಾಡ್ ಬಿಡದ ಜಾಗದಲ್ಲಿ

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವಂತಿಲ್ಲ. ಬಾದಾಮಿ, ಪಟ್ಟದಕಲ್ಲು, ಹಂಪಿ, ಸೋಮನಾಥಪುರ, ಎಲ್ಲಿ ಎಚ್‌ಡಿಆರ್ ಬೇಕು ಅನಿಸುತ್ತದೋ ಅಲ್ಲೆಲ್ಲ ಇದೇ ಕತೆ. ಗಾರ್ಡ್ ಜೊತೆ ವಾದ ಮಾಡಬೇಡಿ, ಅವರ ಕೆಲಸ ಅವರದು.

ನಾನು ಬಳಸುವುದು ಅಕ್ಕಿ ಚೀಲ. ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ, ಒಂದು ಕಡೆ ಹೊಲಿದು, ಮುಕ್ಕಾಲು ಕೇಜಿ ಅಕ್ಕಿ ತುಂಬಿ ಇನ್ನೊಂದು ಕಡೆಯೂ ಹೊಲಿದದ್ದು. ನೆಲದ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಒತ್ತಿ ಕೂರಿಸಿದರೆ ಹಂದಾಡುವುದಿಲ್ಲ. ಕೆಳಗಿನಿಂದ ತೆಗೆದ ಕಂಬಗಳು ಇನ್ನೂ ಎತ್ತರ ಕಾಣುತ್ತವೆ, ಅದು ಬೋನಸ್. ಆದರೆ ಬಾದಾಮಿಯಲ್ಲಿ ಇದನ್ನು ಮಾಡಬೇಡಿ. ಅಲ್ಲಿನ ಕೋತಿಗಳಿಗೆ ಅಕ್ಕಿ ವಾಸನೆ ಹೇಗೆ ಸಿಗುತ್ತದೋ ದೇವರೇ ಬಲ್ಲ, ನನ್ನ ಮೊದಲ ಚೀಲ ಕ್ಯಾಮೆರಾ ಕೆಳಗಿನಿಂದಲೇ ಹೋಯಿತು, ಪುಣ್ಯಕ್ಕೆ ಕ್ಯಾಮೆರಾ ಉಳಿಯಿತು. ಈಗಿನ ಚೀಲದಲ್ಲಿ ಇರುವುದು ಥರ್ಮೋಕೋಲ್ ಕಾಳು ಮತ್ತು ಒಂದಿಷ್ಟು ಮರಳು.

ಕೈಯಲ್ಲೇ ಹಿಡಿದು ತೆಗೆಯಬೇಕು ಅಂದರೆ ಐಎಸ್‌ಒ 400ಕ್ಕೋ 800ಕ್ಕೋ ಏರಿಸಿ, ಅಪರ್ಚರ್ ಎಫ್/5.6ಕ್ಕೆ ತೆರೆಯಿರಿ, ಆಟೋ ಬ್ರ್ಯಾಕೆಟಿಂಗ್ ಮೂರು ಫೋಟೋಗೆ ಇಡಿ, ಬರ್ಸ್ಟ್ ಮೋಡ್ ಹಾಕಿ. ಅಲುಗಾಟ ತಡೆಯುವ ಸ್ವಿಚ್ ಈಗ ಆನ್ ಇರಲಿ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಉಸಿರು ಅರ್ಧ ಬಿಟ್ಟು, ಬಟನ್ ಒತ್ತಿ ಹಿಡಿದುಕೊಳ್ಳಿ, ಟಪ್ ಟಪ್ ಟಪ್ ಮೂರೂ ಮುಗಿಯುವ ತನಕ ಬಿಡಬೇಡಿ. ಸ್ವಲ್ಪ ಜಾಗ ಬಿಟ್ಟೇ ಫ್ರೇಮ್ ಮಾಡಿ, ಯಾಕೆಂದರೆ ಸಾಫ್ಟ್‌ವೇರ್ ಮೂರನ್ನೂ ಹೊಂದಿಸುವಾಗ ಅಂಚು ಕತ್ತರಿಸಿಕೊಳ್ಳುತ್ತದೆ. ಒಳಗಿನ ಮೂಲೆಯ ಕತ್ತಲು ಪೂರ್ತಿ ಸಿಗುವುದಿಲ್ಲ, ಸಿಕ್ಕಷ್ಟು ಸಿಕ್ಕಿತು. ಕಂಬಕ್ಕೆ ಒರಗಿ ನಿಲ್ಲಬೇಡಿ ಮಾತ್ರ, ಮರಳುಗಲ್ಲು ಉಜ್ಜಿದರೆ ಸವೆಯುತ್ತದೆ.

ಜನರ ವಿಷಯ. ಮೊದಲ ಫೋಟೋದಲ್ಲಿ ಕಂಬದ ಪಕ್ಕ ನಿಂತವರು ಮೂರನೆಯದರಲ್ಲಿ ಎರಡು ಹೆಜ್ಜೆ ಮುಂದೆ ಇರುತ್ತಾರೆ. ಸೇರಿಸಿದಾಗ ಒಬ್ಬರೇ ಮೂರು ಮಸುಕು ಭೂತವಾಗಿ ಬರುತ್ತಾರೆ. ಹಾರಾಡುವ ಸೆರಗು, ಗಾಳಿಗೆ ಆಡುವ ಎಲೆ, ಕೆರೆಯ ಅಲೆ ಎಲ್ಲ ಹೀಗೇ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಮದ್ದಿದೆ, ಆದರೆ ಎರಡು ನಿಮಿಷ ಕಾಯುವುದಕ್ಕಿಂತ ಒಳ್ಳೆಯ ಮದ್ದಿಲ್ಲ. ಶಾಲೆ ಮಕ್ಕಳ ಪ್ರವಾಸ ಬಂದಿದ್ದರೆ ಹೊರಗೆ ಹೋಗಿ ಕಬ್ಬಿನ ಹಾಲು ಕುಡಿದು ಬನ್ನಿ.

ಇನ್ನೊಂದು ಚಿಕ್ಕ ಅಭ್ಯಾಸ. ಪ್ರತಿ ಐದರ ಗುಂಪು ಮುಗಿದ ಮೇಲೆ ಅಂಗೈಯ ಒಂದು ಫೋಟೋ ತೆಗೆಯಿರಿ. ಮನೆಗೆ ಬಂದು 300 ಫೈಲ್ ನೋಡುವಾಗ ಯಾವುದು ಯಾವ ಗುಂಪಿನದು ಅಂತ ಹುಡುಕುವುದು ತಪ್ಪುತ್ತದೆ.

ಸೇರಿಸುವುದು

ಲೈಟ್‌ರೂಮ್ ಅನ್ನುವ ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರ್ ಇದ್ದರೆ ಐದು ನಿಮಿಷದ ಕೆಲಸ. ಐದೂ ಫೋಟೋ ಆರಿಸಿ, ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿ. ಒಂದು ಕಿಟಕಿ ತೆರೆಯುತ್ತದೆ. ಆಟೋ ಅಲೈನ್‌ಗೆ ಟಿಕ್ ಹಾಕಿ, ಭೂತ ಓಡಿಸುವ ಡಿಘೋಸ್ಟ್ ಅಗತ್ಯವಿದ್ದರೆ ಮಾತ್ರ ಲೋ ಇಡಿ. ಹೈ ಇಟ್ಟರೆ ಅದು ಆ ಜಾಗದಲ್ಲಿ ಒಂದೇ ಫೋಟೋ ಬಳಸಿ ಅಲ್ಲಿ ಮಾತ್ರ ಕಾಳು ಬೇರೆ ಥರ ಕಾಣುತ್ತದೆ. ಮರ್ಜ್ ಒತ್ತಿದರೆ ಹೊಸದೊಂದು ಡಿಎನ್‌ಜಿ ಫೈಲ್ (ಇದೂ ರಾ ಥರದ್ದೇ) ಬರುತ್ತದೆ. ನೋಡಲು ಸಪ್ಪೆ ಅನಿಸಬಹುದು, ಹೆದರಬೇಡಿ, ಒಳಗೆ ಎಲ್ಲ ಇದೆ. ಎಕ್ಸ್‌ಪೋಷರ್ ಸ್ಲೈಡರ್ ಮಾಮೂಲಿ ಐದರ ಬದಲು ಹತ್ತು ಸ್ಟಾಪ್ ತನಕ ಓಡುವುದು ನೋಡಿದರೆ ಗೊತ್ತಾಗುತ್ತದೆ.

ಲೈಟ್‌ರೂಮ್‌ಗೆ ದುಡ್ಡು ಕಟ್ಟಬೇಕು. ಬೇಡ ಅಂದರೆ ಲ್ಯುಮಿನೆನ್ಸ್ ಎಚ್‌ಡಿಆರ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಫೋಟೋಗಳನ್ನು ಹಾಕಿ ಹೊಂದಿಸಿದ ಮೇಲೆ ಟೋನ್ ಮ್ಯಾಪಿಂಗ್‌ಗೆ ಬೇರೆಬೇರೆ ವಿಧಾನಗಳ ಪಟ್ಟಿ ಬರುತ್ತದೆ. ಟೋನ್ ಮ್ಯಾಪಿಂಗ್ ಅಂದರೆ ದೊಡ್ಡ ಬೆಳಕಿನ ಅಂತರವನ್ನು ಮಾಮೂಲಿ ಪರದೆಗೆ ಹಿಡಿಸುವಂತೆ ಅದುಮುವುದು. ಮಂಟಿಯುಕ್ ಮತ್ತು ಫಟಾಲ್ ನೋಡಿದ ತಕ್ಷಣ ಚುರುಕಾಗಿ ಕಾಣುತ್ತವೆ, ಸ್ವಲ್ಪ ಹೊತ್ತಿಗೆ ಕಣ್ಣು ನೋಯುತ್ತದೆ. ಶುರುವಿಗೆ ರೈನ್‌ಹಾರ್ಡ್ ಸಾಕು, ಸಂಭಾವಿತ ವಿಧಾನ. ಹುಗಿನ್ ಎಂಬ ಪನೋರಮಾ ಸಾಫ್ಟ್‌ವೇರ್ ಜೊತೆ ಬರುವ ಎನ್‌ಫ್ಯೂಸ್ ಕೂಡ ಒಳ್ಳೆಯದು. ಅದು ಈ ಲೆಕ್ಕಕ್ಕೇ ಹೋಗುವುದಿಲ್ಲ, ಪ್ರತಿ ಫೋಟೋದಿಂದ ಚೆನ್ನಾಗಿ ಬಂದ ಭಾಗವನ್ನು ಆರಿಸಿ ಹದವಾಗಿ ಬೆರೆಸುತ್ತದೆ. ನನ್ನ ಮಟ್ಟಿಗೆ ದೇವಸ್ಥಾನಗಳ ಒಳಾಂಗಣಕ್ಕೆ ಇದರ ಫಲಿತಾಂಶವೇ ಸಹಜ.

ಇನ್ನು ಎಲ್ಲರೂ ಎಡವುವ ಜಾಗ, ಸ್ಲೈಡರ್‌ಗಳು. ಹೈಲೈಟ್ ಇಳಿಸಿ, ಶ್ಯಾಡೋ ಏರಿಸಿ, ಅಷ್ಟಕ್ಕೆ ಒಮ್ಮೆ ಕೈ ಹಿಂದೆ ತೆಗೆದುಕೊಳ್ಳಿ. ಶ್ಯಾಡೋವನ್ನು ಪೂರ್ತಿ ನೂರಕ್ಕೆ ಎಳೆದರೆ ಗುಹೆ ಗುಹೆಯಾಗಿ ಉಳಿಯುವುದಿಲ್ಲ, ಟ್ಯೂಬ್‌ಲೈಟ್ ಹಾಕಿದ ಕಲ್ಯಾಣ ಮಂಟಪ ಆಗುತ್ತದೆ. ಒಳಗಡೆ ಹೊರಗಿಗಿಂತ ಕಪ್ಪಾಗಿಯೇ ಇರಬೇಕು ಅಲ್ವಾ. ಹಾಗಾಗಿ ಶ್ಯಾಡೋ ಏರಿಸಿದ ಮೇಲೆ ಬ್ಲ್ಯಾಕ್ ಸ್ಲೈಡರನ್ನು ಸ್ವಲ್ಪ ಕೆಳಗೆ ಎಳೆಯಿರಿ, ಎಲ್ಲೋ ಒಂದು ಮೂಲೆ ನಿಜವಾಗಿ ಕಪ್ಪಾಗಲಿ, ಆಗ ಉಳಿದದ್ದಕ್ಕೆ ಆಳ ಬರುತ್ತದೆ. ವಿವರಗಳನ್ನು ಚುರುಕಾಗಿಸುವ ಕ್ಲಾರಿಟಿ ಹತ್ತು ಹದಿನೈದರ ಮೇಲೆ ಬೇಡ. ಗುಡ್ಡದ ಅಂಚಿನ ಸುತ್ತ ಬೆಳ್ಳಗೆ ಪ್ರಭಾವಳಿ ಕಂಡರೆ, ಅದಕ್ಕೆ ಹೇಲೋ ಅನ್ನುತ್ತಾರೆ, ನೀವು ಜಾಸ್ತಿ ಎಳೆದಿದ್ದೀರಿ ಅಂತಲೇ ಅರ್ಥ. ದೇವರಿಗೆ ಇರಲಿ ಪ್ರಭಾವಳಿ, ಗುಡ್ಡಕ್ಕೆ ಬೇಡ.

ಬಣ್ಣ ಇನ್ನೊಂದು ತಾಪತ್ರಯ. ಟೋನ್ ಮ್ಯಾಪಿಂಗ್ ಆದ ಮೇಲೆ ಬಣ್ಣಗಳು ತಾವಾಗಿಯೇ ಗಾಢವಾಗುವುದುಂಟು. ಬಾದಾಮಿಯ ಮರಳುಗಲ್ಲು ಮೊದಲೇ ಕೆಂಪು, ಅದರ ಮೇಲೆ ಸ್ಯಾಚುರೇಶನ್ ಏರಿಸಿದರೆ ಕೇಸರಿಬಾತ್ ಆಗುತ್ತದೆ. ನಾನು ಹೆಚ್ಚಾಗಿ ಇಳಿಸುತ್ತೇನೆ, ಐದರಿಂದ ಹತ್ತು.

ಇದನ್ನೆಲ್ಲ ಬುದ್ಧಿವಂತನ ಹಾಗೆ ಹೇಳುತ್ತಿದ್ದೇನೆ, ಆದರೆ ನನ್ನ ಮೊದಲ ಎಚ್‌ಡಿಆರ್ ನೋಡಿದರೆ ನೀವು ನಗುತ್ತೀರಿ. ಅದೇ ಮೂರನೇ ಗುಹೆ, ಎಲ್ಲ ಸ್ಲೈಡರ್ ಬಲ ತುದಿಗೆ, ಆಕಾಶ ನವಿಲು ನೀಲಿ, ಕಂಬದ ಸುತ್ತ ಬೆಳಕಿನ ಬಳೆ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಚಿಕ್ಕಮ್ಮನ ಗೃಹಪ್ರವೇಶಕ್ಕೆ ಕೊಟ್ಟೆ. ಬಂದವರಲ್ಲಿ ಒಬ್ಬರು 'ಪೇಂಟಿಂಗ್ ಚೆನ್ನಾಗಿದೆ, ನೀವೇ ಬಿಡಿಸಿದ್ದಾ' ಅಂದರು. ಆ ದಿನ ಹೊಗಳಿಕೆ ಅಂದುಕೊಂಡಿದ್ದೆ.

ಅದಕ್ಕೇ ಈಗ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಎಡಿಟ್ ಮುಗಿದ ಮೇಲೆ ಫೈಲ್ ಮುಚ್ಚಿ, ಊಟ ಮಾಡಿ, ಆಮೇಲೆ ತೆರೆದು ನೋಡುತ್ತೇನೆ. ಹತ್ತರಲ್ಲಿ ಎಂಟು ಸಲ ಎಲ್ಲವನ್ನೂ ಸ್ವಲ್ಪ ಹಿಂದಕ್ಕೆ ಎಳೆಯಬೇಕು ಅನಿಸುತ್ತದೆ. ಪಕ್ಕದಲ್ಲಿ ನಡುವಿನ ಫೋಟೋವನ್ನು ತೆರೆದಿಟ್ಟುಕೊಂಡು ಹೋಲಿಸಿದರೆ ಎಷ್ಟು ದೂರ ಹೋಗಿದ್ದೀರಿ ಅನ್ನುವುದು ಕೂಡಲೇ ಕಾಣುತ್ತದೆ.

ಫೋನ್ ಇದ್ದವರಿಗೆ

ಫೋನ್ ಇದನ್ನೆಲ್ಲ ನಿಮಗೆ ಹೇಳದೆಯೇ ಮಾಡುತ್ತದೆ. ಐಫೋನ್‌ಗೆ ಎಚ್‌ಡಿಆರ್ ಬಂದದ್ದು 2010ರಲ್ಲಿ. ಗೂಗಲ್‌ನ ಎಚ್‌ಡಿಆರ್ ಪ್ಲಸ್ ಶುರುವಿನಲ್ಲಿ ಇನ್ನೊಂದು ದಾರಿ ಹಿಡಿಯಿತು. ಬೇರೆಬೇರೆ ಬೆಳಕಿನ ಫೋಟೋಗಳ ಬದಲು ಒಂದೇ ಥರ ಕಪ್ಪಾದ ಹಲವು ಫೋಟೋಗಳನ್ನು ಟಕಟಕ ತೆಗೆದು, ಹೊಂದಿಸಿ, ಸರಾಸರಿ ಮಾಡಿ, ಆಮೇಲೆ ನೆರಳು ಎತ್ತುತ್ತದೆ. ಸರಾಸರಿಯಲ್ಲಿ ಕಾಳು ಕಮ್ಮಿಯಾಗುತ್ತದೆ, ಕೈ ನಡುಗಿದರೂ ನಡೆಯುತ್ತದೆ. ನೀವು ಮಾಡಬೇಕಾದ್ದು ಇಷ್ಟೇ, ಪರದೆಯ ಮೇಲೆ ಬೆಳ್ಳಗಿನ ಜಾಗವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆದು ತೆಗೆಯುವುದು. ಸ್ನ್ಯಾಪ್‌ಸೀಡ್‌ನ ಎಚ್‌ಡಿಆರ್ ಸ್ಕೇಪ್ ಮಾತ್ರ ನಿಜವಾದ ಎಚ್‌ಡಿಆರ್ ಅಲ್ಲ. ಅದು ಒಂದೇ ಫೋಟೋಗೆ ಹಚ್ಚುವ ಮೇಕಪ್. ಹೋದ ಆಕಾಶ ಅದರಿಂದ ವಾಪಸ್ ಬರುವುದಿಲ್ಲ.

ಕೊನೆಗೆ ಒಂದು ಮಾತು, ಜಾಗ ಉಳಿಸಲು ಅಂತ ಬಿಡಿ ರಾ ಫೈಲ್‌ಗಳನ್ನು ಅಳಿಸಬೇಡಿ. ಸೇರಿಸಿದ ಫೈಲ್ ಒಂದು ಅಭಿಪ್ರಾಯ ಅಷ್ಟೇ, ಬಿಡಿ ಫೈಲ್‌ಗಳೇ ಅಸಲು. ಹೋದ ವರ್ಷ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಗುಹೆಯ ಆ ಐದು ಫೋಟೋ ಸಿಕ್ಕವು. ಹೊಸದಾಗಿ ಸೇರಿಸಿದೆ, ಈ ಸಲ ಕೈ ಬಿಗಿ ಹಿಡಿದು. ಕಂಬ ಕತ್ತಲಲ್ಲಿ ಕತ್ತಲಿನ ಹಾಗೇ, ಗುಡ್ಡ ಬಿಸಿಲಲ್ಲಿ ಬಿಸಿಲಿನ ಹಾಗೇ ಬಂತು. ಪ್ರಿಂಟ್ ಹಾಕಿಸಿಕೊಂಡು ಚಿಕ್ಕಮ್ಮನ ಮನೆಗೆ ಹೋಗಿ, ಹಳೆಯದನ್ನು ತೆಗೆದು ಇದನ್ನು ಹಾಕೋಣ ಅಂದೆ. ಚಿಕ್ಕಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು ಸುಮಾರು ಹೊತ್ತು ನೋಡಿ, 'ಇದು ಯಾಕೋ ಡಲ್ ಇದೆ ಕಣೋ, ಅದೇ ಇರಲಿ' ಅಂದರು. ಹೊಸದು ಈಗ ನನ್ನ ರೂಮಿನಲ್ಲಿದೆ.